ನಾಲ್ಕು ನಿಮಿಷ

ಗುರುಗಳ ಬೆರಳು ಮುಂದಕ್ಕೆ ಓಡಿಸುವ ಗುಂಡಿಯ ಮೇಲೆ ಬೀಳುವಷ್ಟರಲ್ಲಿ ಅವಳು ರೆಕಾರ್ಡರನ್ನು ತನ್ನತ್ತ ಎಳೆದುಕೊಂಡಳು. "ಓಡಿಸಬೇಡಿ ಸರ್."

ಅವಳದು ಮನಶ್ಶಾಸ್ತ್ರದ ಎಂಎ, ಕೊನೇ ವರ್ಷ. ಆಪ್ತಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ ತರಬೇಕು, ಗುರುಗಳು ಕೇಳಿ ಅಂಕ ಹಾಕುತ್ತಾರೆ. ಹತ್ತು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಒಂದು ಅಂಕ ಖೋತಾ. ಇವಳು ಒಬ್ಬ ಬಸ್ ಡ್ರೈವರನ ಎದುರು ನಾಲ್ಕು ನಿಮಿಷ ಸುಮ್ಮನಿದ್ದಳು.

"ಆ ಬಸ್ ಡ್ರೈವರು 'ಬ್ರೇಕ್ ಹಾಕಿದ್ದೆ ಮೇಡಂ, ಆದ್ರೂ ಆ ಮಗು ಉಳೀಲಿಲ್ಲ' ಅಂತಾನೆ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ!" ಗುರುಗಳು ಕೆಂಪು ಪೆನ್ನಿನ ಮುಚ್ಚಳ ತೆಗೆದರು. "ಏನಾದ್ರೂ ಕೇಳಬೇಕಿತ್ತಮ್ಮ. ಹೇಗೆ ಪಾಸ್ ಮಾಡ್ಲಿ ನಿನ್ನ?"

"ಫೇಲ್ ಮಾಡಿ ಸರ್. ಆದ್ರೆ ಪೂರ್ತಿ ಕೇಳಿ ಫೇಲ್ ಮಾಡಿ."

ಅವಳು ರೆಕಾರ್ಡರಿನ ಗುಂಡಿ ಒತ್ತಿ ಅದನ್ನು ಮೇಜಿನ ನಡುವೆ ಇಟ್ಟಳು. ಮೊದಲು ಬರೀ ಫ್ಯಾನಿನ ಸದ್ದು. ಕುರ್ಚಿ ಕಿರುಗುಟ್ಟಿತು. ಆಮೇಲೆ ಡ್ರೈವರನ ಉಸಿರು, ತಡೆದು ತಡೆದು. ಅಳು ಗಂಟಲವರೆಗೆ ಬಂದು ವಾಪಸ್ಸು ಹೋಯಿತು, ಮತ್ತೆ ಬಂತು, ಈ ಸಲ ನಿಲ್ಲಲಿಲ್ಲ. ಗುರುಗಳು ಪೆನ್ನು ತಿರುಗಿಸಿದರು, ಗಡಿಯಾರ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಎರಡು ನಿಮಿಷ ಆಗುವುದರೊಳಗೆ "ಸರಿ ಸರಿ, ಗೊತ್ತಾಯ್ತು, ಈಗ..." ಎಂದು ಶುರುಮಾಡಿದರು.

ಅವಳು ಅಂಗೈ ಎತ್ತಿ ತಡೆದಳು.

"ಸುಮ್ನಿರಿ ಸರ್. ಅವರು ಇನ್ನೂ ಅಳ್ತಿದ್ದಾರೆ."