ಬ್ಯಾರನ್ ಒಪ್ಪದ ಹೊಸ ವರ್ಷ

ಆಗಿನ ಸ್ವೀಡನ್ನಿನಲ್ಲಿ ಸಂಸತ್ತು ಒಪ್ಪಿದರೆ ಮಾತ್ರ ಹೊಸ ವರ್ಷ ಬರುತ್ತಿತ್ತು. ಹಳೆಯದೇ ಚೆಂದ ಎನ್ನುವ ಬ್ಯಾರನ್ ಯಾಲ್ಮಾರ್ ಪ್ರತಿ ಡಿಸೆಂಬರಿನಲ್ಲೂ ಭಾಷಣ ಬಿಗಿದು ಅದನ್ನು ಸೋಲಿಸುತ್ತಿದ್ದರು. ಹಾಗಾಗಿ 1847ನೇ ಇಸವಿಯೇ ಮತ್ತೆ ಮತ್ತೆ ಬರುತ್ತಿತ್ತು, ಯಾರಿಗೂ ವಯಸ್ಸಾಗುತ್ತಿರಲಿಲ್ಲ.

ಈ ಸಲ ಅವರು ಸಭೆಗೆ ಹೊರಟಾಗ ಮಗಳು ಉಲ್ರಿಕಾ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಾ, ಮುಂದಿನ ವರ್ಷ ಮದುವೆ ಅಂತ ನೀವೇ ಮಾತು ಕೊಟ್ರಿ. ಆ ವರ್ಷಾನೇ ಬರೋಕೆ ಬಿಡ್ತಿಲ್ವಲ್ಲ!"

"ಬಂದರೆ ನಾನು ಮುದುಕ ಆಗ್ತೀನಲ್ಲಮ್ಮಾ."

"ನಾನು ಅಜ್ಜಿ ಆಗೋದು ಬೇಡ್ವಾ?"

ಅವಳ ಕಣ್ಣು ತುಂಬಿದ್ದು ಕಂಡು ಬ್ಯಾರನ್ ಭಾಷಣದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದರು. ಅಂದು ಅವರು ಸಭೆಯಲ್ಲಿ ಮೊದಲ ಬಾರಿಗೆ "ಒಪ್ಪಿಗೆ" ಎಂದರು. 1848 ಬಂತು, ಜೊತೆಗೇ ಮಂಡಿನೋವೂ ಬಂತು.

ಜನವರಿಯಲ್ಲಿ ಮದುವೆ ಮುಗಿಸಿ, ಅಳಿಯನ ಹೆಗಲು ಹಿಡಿದು ಕುಂಟುತ್ತಾ ಸಂಸತ್ತಿಗೆ ಹೋದ ಬ್ಯಾರನ್, ಫೆಬ್ರವರಿ ಬೇಡವೇ ಬೇಡವೆಂದು ಭಾಷಣ ಶುರುಮಾಡಿದರು.