ಇಳಿಯದ ಅಮ್ಮ

“ಮೇಡಂ, ನನ್ನ ಹೆಂಡ್ತೀನ ನಂಗೆ ವಾಪಸ್ ಕೊಡ್ಸಿ!”

ಮೇಟಗಳ್ಳಿಯ ಮನಃಶಾಸ್ತ್ರಜ್ಞೆ ಸೌಮ್ಯಶ್ರೀಯ ಕೋಣೆಗೆ ನುಗ್ಗಿದ ಚೆಲುವಯ್ಯ ಕೈಮುಗಿದು ನಿಂತುಬಿಟ್ಟ. ಅವನ ಹೆಂಡತಿ ಬಸವಮ್ಮ ಹೊರಗೆ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಅದೇ ಬೆಂಚಿನಲ್ಲಿದ್ದವರು ಯಾಕೋ ಎದ್ದು ದೂರ ನಿಂತಿದ್ದರು.

“ಮೈಮೇಲೆ ಅಮ್ಮ ಬರೋದು ನಿಂತಿಲ್ವಾ?”

“ಬರೋದು ನಿಂತದೆ ಮೇಡಂ. ಹೋಗೋದೂ ನಿಂತದೆ.”

ಶುಕ್ರವಾರ ಬಂತೆಂದರೆ ಬಸವಮ್ಮನ ಮೈಮೇಲೆ ಅಮ್ಮ ಬರುತ್ತಿದ್ದಳು. ಬೀದಿಯವರೆಲ್ಲ ಬಂದು ಕಷ್ಟ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಚೆಲುವಯ್ಯ ಕರ್ಪೂರ ಹಚ್ಚಿ, “ಶಾಂತವಾಗು ತಾಯಿ, ನಿನ್ನ ಗುಡಿಗೆ ಹೋಗು” ಎಂದು ಬೇಡಿಕೊಂಡರೆ ಅಮ್ಮ ಇಳಿಯುತ್ತಿದ್ದಳು. ಬಸವಮ್ಮ ಕಣ್ಣುಜ್ಜಿಕೊಂಡು ಎದ್ದವಳೇ, “ಅನ್ನಕ್ಕಾದ್ರೂ ಇಟ್ಯಾ, ಸೋಮಾರಿ?” ಎಂದು ಗಂಡನಿಗೆ ಮಂಗಳಾರತಿ ಶುರುಮಾಡುತ್ತಿದ್ದಳು.

ಸೌಮ್ಯಶ್ರೀ ಗಂಡಹೆಂಡಿರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: ಹೊರಗಿನಿಂದ ಯಾರೂ ಬರುವುದಿಲ್ಲ, ಅದುಮಿಟ್ಟ ಮನಸ್ಸೇ ದೇವಿಯ ದನಿಯಲ್ಲಿ ಮಾತಾಡುತ್ತದೆ. ಇರುವುದು ಇಬ್ಬರಲ್ಲ, ಒಬ್ಬಳೇ. ಯಾರೂ ಬರದ ಮೇಲೆ ಕಳಿಸುವ ಶಾಸ್ತ್ರ ಯಾಕೆ? ಇನ್ನು ಕರ್ಪೂರ ಹಚ್ಚಬೇಡಿ. ಓದಿದವರ ಮಾತು ತೆಗೆದುಹಾಕುವುದುಂಟೇ! ಹೋದ ಶುಕ್ರವಾರ ಚೆಲುವಯ್ಯ ಹಚ್ಚಲಿಲ್ಲ.

“ಅವತ್ತಿಂದ ಅಮ್ಮ ಇಳ್ದೇ ಇಲ್ಲ ಮೇಡಂ. ಕುಣಿಯಲ್ಲ, ಕಿರುಚಲ್ಲ. ಅಡುಗೆ ಮಾಡ್ತಾಳೆ, ಬಟ್ಟೆ ಒಗೀತಾಳೆ. ಆದ್ರೆ ಬೈಯೋದೇ ಇಲ್ಲ! ನನ್ನ ‘ಮಗಾ’ ಅಂತಾಳೆ. ಕಟ್ಕೊಂಡ ಗಂಡನ್ನ! ತಡೀಲಾರ್ದೆ ನಿನ್ನೆ ಕರ್ಪೂರ ಹಚ್ಚಿದೆ. ಉಫ್ ಅಂತ ಊದಿ ಆರಿಸ್ಬುಟ್ಲು. ನಂಗೆ ಆ ಬೈಯೋ ಬಸವಿನೇ ಬೇಕು ಕಣ್ರೀ.”

ಸೌಮ್ಯಶ್ರೀಗೆ ನಗು ಬರಬೇಕಿತ್ತು, ಬರಲಿಲ್ಲ. ಬಸವಮ್ಮನನ್ನು ಒಳಗೆ ಕರೆಸಿ ಎದುರಿಗೆ ಕೂರಿಸಿದಳು.

“ಬಸವಮ್ಮನವರೇ, ಹೇಗಿದ್ದೀರಿ?”

ಆಕೆ ಮುಗುಳ್ನಗುತ್ತ ಕೋಣೆಯನ್ನೆಲ್ಲ ನೋಡಿದಳು.

“ಬಸವಮ್ಮ?”

ಬೇರೆ ಯಾರನ್ನೋ ಕರೆದರೇನೋ ಎಂಬಂತೆ ಆಕೆ ಹಿಂತಿರುಗಿ ನೋಡಿದಳು. ಆಮೇಲೆ ಮೇಜಿನ ಆಚೆಯಿಂದ ಕೈಚಾಚಿ ಸೌಮ್ಯಶ್ರೀಯ ತಲೆ ಸವರಿದಳು. ಕೈ ತಣ್ಣಗಿತ್ತು. ಸೌಮ್ಯಶ್ರೀಗೆ ನಿಜಕ್ಕೂ ಭಯವಾಯಿತು.

“ಹೆದರ್ಬೇಡ ಮಗಳೇ,” ಎಂದಳು ಆಕೆ. “ಇರೋದು ಒಬ್ಬಳೇ ಅಂತ ನೀನೇ ಅಲ್ವಾ ಹೇಳಿದ್ದು? ಅದಕ್ಕೇ ಅವಳನ್ನ ಕಳಿಸ್ಬುಟ್ಟೆ.”