ಮೀನಿಗೂ ಮೊದಲೇ ಕಡೆದ ಮಸಾಲೆ

ಇವತ್ತು ಸೊಸೆ ಬಂಗಡೆಗೆ ಮಸಾಲೆ ಕಡೆದಳು. ಆ ವಾಸನೆಗೆ ಹೊನ್ನಾವರದ ಒಂದು ಮಧ್ಯಾಹ್ನ ನೆನಪಾಯಿತು.

ಶರಾವತಿಗೆ ಸೇತುವೆ ಇಲ್ಲದ ಕಾಲ. ಅಪ್ಪ ಬಂದರಿನಲ್ಲಿ ಸರ್ಕಾರಿ ಪೇದೆ. ಬುಟ್ಟಿ ತಡೆಯದೆ ಬಿಡಲಿ ಅಂತ ಮೀನು ಮಾರುವ ಹೆಂಗಸರು ಅವನಿಗೆ ನಾಲ್ಕು ಬಂಗಡೆ ಕೊಡುತ್ತಿದ್ದರು. ಅದನ್ನೇ ನಂಬಿ ಅಮ್ಮ, ನಮ್ಮ ಮಾತಲ್ಲಿ ಆಯಿ, ಬೆಳಿಗ್ಗೆಯೇ ಕಾಯಿ, ಮೆಣಸು ಕಡೆದಿಡುತ್ತಿದ್ದಳು.

ಅವತ್ತು ಅಪ್ಪ ಬರಿಗೈಯಲ್ಲಿ ಬಂದ. "ಮಾವಿನಕುರ್ವೆ ಊರಿನ ಮುದುಕಿ ಬುಟ್ಟಿ ಹಿಡ್ಕಂಡು ಅತ್ತಳು. ಇನ್ನು ಯಾರ ಹತ್ರನೂ ತಕಳೂದಿಲ್ಲ" ಅಂದ.

"ಸರ್ಕಾರದ ಸಂಬಳ ಗಂಜಿಗೇ ಸಾಲೂದಿಲ್ಲ. ಮಕ್ಕಳಿಗೆ ಎಂತ, ನಿಮ್ಮ ಟೊಪ್ಪಿ ಬೇಸಿ ಹಾಕ್ಲಾ?" ಅಂದಳು ಆಯಿ.

ಅಪ್ಪ ಟೊಪ್ಪಿ ಹಾಕಿಕೊಂಡು ಮತ್ತೆ ಬಂದರಿಗೆ ಹೋಗಿ ಮೀನು ತಂದ. ನಾವು ಬೆರಳು ನೆಕ್ಕಿ ಉಂಡೆವು. ಅವನು ಬರೀ ಗಂಜಿ ಉಂಡ.

ಮರುದಿನ ಅವನೂ ಮೀನು ತಿಂದ.